ತೋಟದಲ್ಲಿ ಹೊಸ ಕ್ರಮ ನೆಲೆಯೂರಬೇಕಾದರೆ ಮೊದಲು ಕೂಲಿ ಲೆಕ್ಕ ಬದಲಾಗಲಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಮೂಡಿಗೆರೆ ಕಡೆಯ 80 ಎಕರೆ ಕಾಫಿ ತೋಟದ ಹೊಣೆ ಈ ವರ್ಷ ನಿಮ್ಮ ಕೈಗೆ ಬಂದಿದೆ. ಬರೀ ಹಣ್ಣು ಕೊಯ್ದು ಒಳ್ಳೆಯ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಬೀಜ) ಮಾಡಬೇಕೆಂದು ಎರಡು ಸಲ ಎಲ್ಲರನ್ನೂ ಸೇರಿಸಿ ಹೇಳಿದ್ದೀರಿ. ತೋಟದ ಲೆಕ್ಕ ನೋಡುವ ರೈಟರೂ ಕೂಲಿಯವರನ್ನು ನಡೆಸುವ ಮೇಸ್ತ್ರಿಗಳೂ ಹೂಂ ಅಂತ ತಲೆಯಾಡಿಸಿದರು, ಆದರೆ ಕಣಕ್ಕೆ ಬಂದ ಚೀಲದಲ್ಲಿ ಹಸಿ ಕಾಯಿ ಹಾಗೆಯೇ ಇದೆ. ಜನರ ಮನಸ್ಸು ಬದಲಾಯಿಸುವುದು ಹೇಗೆ ಅಂತ ಕೇಳಿದ್ದೀರಿ.

ಮನಸ್ಸಿನ ವಿಚಾರ ಆಮೇಲೆ. ಮೊದಲು ತಕ್ಕಡಿ ನೋಡಿ. ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕದಲ್ಲಿದ್ದರೆ ಹಸಿ ಕಾಯಿಗೂ ಹಣ್ಣಿಗೂ ಒಂದೇ ಬೆಲೆ. ಹಣ್ಣನ್ನಷ್ಟೇ ಆರಿಸಿ ಕೊಯ್ಯುವ ಹೆಂಗಸಿಗೆ ಸಂಜೆ ಚೀಲ ಹಗುರ, ಕೂಲಿ ಕಡಿಮೆ. ಕೊಯ್ಲಿನ ಸುತ್ತು ಬೇಗ ಮುಗಿಸಿದ ಮೇಸ್ತ್ರಿಗೆ ಹೊಗಳಿಕೆ. ಕೆ.ಜಿ.ಗೆ ಬೀಳುವ ಖರ್ಚು ಇಳಿಸಿದ ರೈಟರ್ ಜಾಣ. ಮೂವರ ಲೆಕ್ಕವೂ ನಿಮ್ಮ ಮಾತಿಗೆ ಎದುರಾಗಿಯೇ ಇದೆ. ಹಾಗಾಗಿ ಅವರನ್ನು ಹಠಮಾರಿಗಳು ಅನ್ನುವುದು ಅನ್ಯಾಯ. 1990ರ ದಶಕದ ಆರಂಭದವರೆಗೂ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲ ತೋಟದ ಬೆಳೆ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಹೋಗಿ ಬೆರೆಯುತ್ತಿತ್ತು, ತೋಟದ ಹೆಸರು ಅಲ್ಲೇ ಕರಗುತ್ತಿತ್ತು. ತೂಕ ತುಂಬಿಸಿಕೊಟ್ಟರೆ ಸಾಕು ಅನ್ನುವ ರೂಢಿ ಆ ಕಾಲಕ್ಕೆ ಸರಿಯಾಗಿಯೇ ಇತ್ತು.

ಕೂಲಿ ದರ ಹೀಗೆ ಕಟ್ಟಿ. ಒಂದೇ ಬ್ಲಾಕಿನಲ್ಲಿ ಸಾಧಾರಣ ವೇಗದ ಇಬ್ಬರನ್ನು ಬಿಟ್ಟು, ಒಬ್ಬರು ಹಳೇ ರೀತಿ, ಇನ್ನೊಬ್ಬರು ಬರೀ ಹಣ್ಣು, ಒಂದು ದಿನ ಕೊಯ್ಯಲಿ. ಮರುದಿನ ಅದಲುಬದಲು ಮಾಡಿ. ಉದಾಹರಣೆಗೆ ಹಳೇ ರೀತಿಯಲ್ಲಿ 80 ಕೆ.ಜಿ., ಹಣ್ಣು ಮಾತ್ರವಾದರೆ 55 ಕೆ.ಜಿ. ಬಂತು ಅಂದುಕೊಳ್ಳಿ. ಕೆ.ಜಿ.ಗೆ 6 ರೂಪಾಯಿಯಂತೆ ಹಳೇ ಕೂಲಿ 480. ಹಣ್ಣಿಗೆ 9 ರೂಪಾಯಿ ಕೊಟ್ಟರೆ 495. ಅಂಕಿ ನಿಮ್ಮ ತೋಟದ್ದೇ ಹಾಕಿಕೊಳ್ಳಿ, ಆದರೆ ಹೊಸ ರೀತಿಯಲ್ಲಿ ನಾಲ್ಕು ಕಾಸು ಹೆಚ್ಚೇ ಸಿಗಬೇಕು. ಸಮಸಮ ಬಂದರೆ ಕೈ ಹಳೇ ಅಭ್ಯಾಸಕ್ಕೇ ಹೋಗುತ್ತದೆ.

ಯಾವ ಚೀಲಕ್ಕೆ 9 ರೂಪಾಯಿ ಅನ್ನುವುದನ್ನು ಕಣ್ಣಳತೆಗೆ ಬಿಡಬೇಡಿ. ತೂಕಕ್ಕೆ ಮೊದಲು ಚೀಲದ ಮಧ್ಯಕ್ಕೆ ಕೈ ಹಾಕಿ 100 ಕಾಯಿ ತೆಗೆದು, ಕೊಯ್ದವರ ಎದುರಿಗೇ ತಟ್ಟೆಯಲ್ಲಿ ಎಣಿಸಿ. 95ಕ್ಕಿಂತ ಹೆಚ್ಚು ಹಣ್ಣಿದ್ದರೆ ಇಡೀ ಚೀಲಕ್ಕೆ ಹೊಸ ದರ, ಇಲ್ಲವಾದರೆ ಇಡೀ ಚೀಲಕ್ಕೆ ಹಳೇ ದರ. ಕೂಲಿ ಮುರಿದುಕೊಳ್ಳುವುದು, ದಂಡ ಹಾಕುವುದು ಬೇಡ. ದಿನದ ಗಳಿಕೆ ಕನಿಷ್ಠ ಕೂಲಿಗಿಂತ ಕೆಳಗಿಳಿಯಲೂಕೂಡದು. ಅದು ಕಾನೂನು, ಜೊತೆಗೆ ಕೊಯ್ಲಿನ ನಡುವೆ ಜನ ಪಕ್ಕದ ತೋಟಕ್ಕೆ ಹೋದರೆ ತಿರುಗಿ ಸಿಗುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ಒಳ್ಳೆಯ ಮನಸ್ಸಿನವರೇ ಇದಕ್ಕೆ ಬೀಳುತ್ತಾರೆ. ‘ಪಾಪ, ಬೇರ್ಪಡಿಸಿದ ಹಸಿ ಕಾಯಿಗೂ 6 ರೂಪಾಯಿ ಕೊಡೋಣ’ ಅಂತ ಹೊರಟರೆ ಹಣ್ಣು, ಕಾಯಿ ನೋಡದೆ ಗಿಡ ಸವರಿ ಕೊಯ್ದವರಿಗೇ ಲಾಭ: 50 ಕೆ.ಜಿ. ಹಣ್ಣಿಗೆ 450, 30 ಕೆ.ಜಿ. ಹಸಿ ಕಾಯಿಗೆ 180, ಒಟ್ಟು 630. ಒಂದೇ ವಾರದಲ್ಲಿ ಎಲ್ಲರೂ ಸವರಲು ಶುರು ಮಾಡುತ್ತಾರೆ. ಬೇರ್ಪಡಿಸಿದ ಹಸಿ ಕಾಯಿಯ ತೂಕ ಬರೆದಿಡಿ, ಅದಕ್ಕೆ ಪ್ರತ್ಯೇಕ ಕೂಲಿ ಬೇಡ. ಅದರ ಬದಲು ಬೇರ್ಪಡಿಸುವ ಅರ್ಧ ಗಂಟೆಯನ್ನು ಕೆಲಸದ ಹೊತ್ತಿನೊಳಗೇ ಕೊಡಿ. ನಾಲ್ಕಕ್ಕೆ ತೂಕವಾದರೆ ಮೂರೂವರೆಗೆ ಕೊಯ್ಲು ನಿಲ್ಲಲಿ, ನೆರಳಲ್ಲಿ ಚಾಪೆ ಹಾಸಿರಲಿ. ಮಬ್ಬುಗತ್ತಲಲ್ಲಿ, ಮನೆಗೆ ಹೊರಡುವ ಅವಸರದಲ್ಲಿ, ಕೂಲಿಯಿಲ್ಲದೆ ಆರಿಸಿ ಅಂದರೆ ಯಾರೂ ಮನಸ್ಸಿಟ್ಟು ಆರಿಸುವುದಿಲ್ಲ.

80 ಎಕರೆಗೂ ಒಮ್ಮೆಲೇ ಕೈಹಾಕಬೇಡಿ. ಐದು ಎಕರೆಯ ಒಂದು ಬ್ಲಾಕ್ ಸಾಕು. ಒಂದೇ ತಳಿ ಇರಲಿ, ಎಸ್.795 ಆಗಲಿ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 2007ರಲ್ಲಿ ಬಿಡುಗಡೆ ಮಾಡಿದ ಚಂದ್ರಗಿರಿಯಾಗಲಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಒಂದೇ ಸಲ ಚೆನ್ನಾಗಿ ಬಿದ್ದ ಜಾಗವೇ ಆಗಬೇಕು. ಎರಡು ಮೂರು ಕಂತಿನಲ್ಲಿ ಹೂವಾದ ಕಡೆ ಕಾಯಿಯೂ ಕಂತಿನಲ್ಲೇ ಹಣ್ಣಾಗುತ್ತದೆ, ಸುತ್ತು ಹೆಚ್ಚುತ್ತದೆ, ‘ಹೇಳಿರಲಿಲ್ವಾ’ ಅನ್ನುವವರಿಗೆ ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಪಕ್ಕದ ಐದು ಎಕರೆ ಹಳೇ ಕ್ರಮದಲ್ಲೇ ನಡೆಯಲಿ, ಎರಡರ ಲೆಕ್ಕವೂ ಒಂದೇ ಪುಸ್ತಕದಲ್ಲಿರಲಿ. ಬ್ಲಾಕನ್ನು ಯಾರಿಗೆ ವಹಿಸಬೇಕು? ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನುವವರಿಗಲ್ಲ. ಕೊಯ್ಯುವವರು ಯಾರ ಮಾತಿಗೆ ತಿರುಗಿ ನೋಡುತ್ತಾರೋ ಆ ಮೇಸ್ತ್ರಿಗೇ ವಹಿಸಿ, ಅವರು ಅನುಮಾನದ ಮನುಷ್ಯರಾಗಿದ್ದರೂ ಪರವಾಗಿಲ್ಲ.

ಆ ಅನುಮಾನಕ್ಕೆ ಕಾರಣವೂ ಇರುತ್ತದೆ. ಹಸಿ ಕಾಯಿ ಗಿಡದಲ್ಲೇ ಬಿಟ್ಟು ಬಂದಾಗ ಅಕಾಲದ ಮಳೆ ಹಿಡಿದರೆ ಹಣ್ಣು ಒಡೆದು ಉದುರುತ್ತದೆ, ಉಳಿದ ಕಾಯಿಗೆ ಕಾಯಿಕೊರಕ ಸೇರುತ್ತದೆ. ಆಗ ಬೈಸಿಕೊಳ್ಳುವುದು ಮೇಸ್ತ್ರಿ. ಅದಕ್ಕೆ ಮೊದಲೇ ಮಾತಾಗಿರಲಿ: ಮೋಡ ಕಟ್ಟಿ ಹಣ್ಣು ಬಿರಿಯುವುದು ಕಂಡರೆ ನಿಮಗೆ ಫೋನ್ ಮಾಡದೆಯೂ ಅವರು ಬ್ಲಾಕ್ ಸವರಿ ಕೊಯ್ಯಿಸಬಹುದು, ಆ ದಿನ ಕೂಲಿ ಹಳೇ ದರದಲ್ಲಿ. ಈ ಅಧಿಕಾರ ಕೊಟ್ಟ ಮೇಲೆ ಅವರ ನಿರ್ಧಾರ ನಿಮಗೆ ಹಿಡಿಸದಿದ್ದರೂ ಎಲ್ಲರೆದುರು ಪ್ರಶ್ನಿಸಬೇಡಿ.

ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಮನೆಯಲ್ಲಿ ಪ್ರಯೋಗ ಹಾಳಾಗುವುದು ಬೆರಕೆಯಿಂದ. ಸಂಜೆಯ ಗಡಿಬಿಡಿಯಲ್ಲಿ ಈ ಬ್ಲಾಕಿನ ಸಣ್ಣ ಲಾಟು (ರಾಶಿ) ದೊಡ್ಡ ತೊಟ್ಟಿಗೆ ಬಿದ್ದರೆ ದಿನವಿಡೀ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಈ ಹಣ್ಣನ್ನೇ ಮೊದಲು ಪಲ್ಪರ್‌ಗೆ ಬಿಡಿ, ಅದಕ್ಕೊಂದು ಪ್ರತ್ಯೇಕ ತೊಟ್ಟಿ ಇಡಿ, ತಾರೀಕು, ಬ್ಲಾಕ್, ಮೇಸ್ತ್ರಿಯ ಹೆಸರು ಬರೆದ ಚೀಟಿ ಮೂಟೆ ಕಟ್ಟುವವರೆಗೂ ಜೊತೆಗಿರಲಿ. ಅರೇಬಿಕಾ ಜಾತಿಯ ಕಾಫಿಗೆ, ಅಂದರೆ ಮೇಲೆ ಹೇಳಿದ ಎರಡೂ ತಳಿಗೆ, ತೊಟ್ಟಿಯಲ್ಲಿ ಬೀಜದ ಮೇಲಿನ ಲೋಳೆ ಬಿಡಲು ಸಾಮಾನ್ಯವಾಗಿ 24ರಿಂದ 36 ಗಂಟೆ. ಚಳಿ ಜಾಸ್ತಿಯಾದರೆ ಇನ್ನೂ ಹಿಡಿಯುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ರೈಟರ ಅಂಗೈಯನ್ನು ನಂಬಿ. ಒಂದು ಹಿಡಿ ತೆಗೆದು ತೊಳೆದು ಉಜ್ಜಿದಾಗ ಜಾರದೆ ಜಲ್ಲಿಯಂತೆ ಗರಗರ ಅನ್ನಬೇಕು.

ಹಳಬರ ಅನುಭವಕ್ಕೂ ಹೊಸ ಉಪಕರಣಕ್ಕೂ ಜಗಳ ಹಚ್ಚದೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆಸಿ. ಒಣಗಿದ ಪಾರ್ಚ್‌ಮೆಂಟನ್ನು ರೈಟರ್ ಹಲ್ಲಿನಲ್ಲಿ ಕಚ್ಚಿ ‘ತೇವಾಂಶ ಹನ್ನೊಂದೂವರೆ ಇರಬಹುದು’ ಅಂದರೆ ಮೊದಲು ಅದನ್ನು ಬರೆಯಿರಿ. ಆಮೇಲೆ ಸಿಪ್ಪೆ ಬಿಡಿಸಿ, ಬೀಜ ತಣ್ಣಗಾದ ಮೇಲೆ ತೇವಾಂಶ ಅಳೆಯುವ ಮೀಟರ್‌ಗೆ ಹಾಕಿ, ಅದರ ಅಂಕಿ ಪಕ್ಕದಲ್ಲಿ ಬರೆಯಿರಿ. ಬೇಕಾದ ತೇವಾಂಶ ಶೇ. 10. ಹತ್ತು ದಿನದ ಪುಟ ನೋಡಿದರೆ ತಮ್ಮ ಅಂದಾಜು ಎಲ್ಲಿ ಸರಿ, ಯಾವ ಹವೆಯಲ್ಲಿ ತಪ್ಪುತ್ತದೆ ಅನ್ನುವುದು ಅವರಿಗೇ ಕಾಣುತ್ತದೆ. ಮೀಟರ್ ತಮ್ಮನ್ನು ಹಿಡಿಯಲು ಬಂದದ್ದು ಅನ್ನುವ ಭಾವನೆ ಕಳೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕಣದಲ್ಲೇ ನಿಂತು ಮಾತಾಡಿ. ಬಟವಾಡೆ ದಿನ ಬೇಡ, ಅವತ್ತು ಎಲ್ಲರ ತಲೆ ದುಡ್ಡು, ಸಂತೆಯ ಮೇಲೆ. ಮೊದಲು ಮೇಸ್ತ್ರಿ, ನಂತರ ರೈಟರ್, ಕೊನೆಗೆ ನೀವು. ಸಾಹುಕಾರ್ರು ಮೊದಲು ಬಾಯಿ ತೆರೆದರೆ ಉಳಿದವರು ಅದನ್ನೇ ಹೇಳುತ್ತಾರೆ. ಕೇಳಬೇಕಾದ್ದು ಮೂರೇ: ಈ ವಾರ ಏನು ಕೆಟ್ಟಿತು, ಯಾಕೆ ಕೆಟ್ಟಿತು, ಮುಂದಿನ ವಾರ ಒಂದೇ ಒಂದು ಏನು ಬದಲಾಯಿಸೋಣ. ತೊಟ್ಟಿ ಹತ್ತು ಗಂಟೆ ಹೆಚ್ಚು ಬಿಟ್ಟು ಹುಳಿ ವಾಸನೆ ಬಂತು ಅಂತ ಯಾರಾದರೂ ತಾವಾಗಿ ಹೇಳಿದ ದಿನ ನಿಮ್ಮ ಮುಖವನ್ನೇ ಎಲ್ಲರೂ ನೋಡುತ್ತಿರುತ್ತಾರೆ. ಅವತ್ತು ರೇಗಿದರೆ ಮುಂದೆ ಕೆಟ್ಟ ಲಾಟು ಒಳ್ಳೆಯದರೊಳಗೆ ಸದ್ದಿಲ್ಲದೆ ಸೇರುತ್ತದೆ. ಅದೇ ದಿನ ಹೇಳಿದ ತಪ್ಪಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟಿದ್ದಕ್ಕೆ ಇದೆ ಅಂತ ಸ್ಪಷ್ಟ ಮಾಡಿ. ಸಲಹೆ ಪೆಟ್ಟಿಗೆಯ ಗೋಜು ಬೇಡ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ಕನ್ನಡದ ಬೋರ್ಡೂ ಉಪಯೋಗವಿಲ್ಲ. ಬೆಳಿಗ್ಗೆ ಹಾಜರಿ ಹಾಕುವ ಮಸ್ಟರ್ ಹೊತ್ತಿಗೆ ತಟ್ಟೆಯಲ್ಲಿ ಹಸಿ, ಅರೆಹಣ್ಣು, ಹಣ್ಣು, ಒಣಗಿದ್ದು ನಾಲ್ಕನ್ನೂ ತಾಜಾ ಇಟ್ಟು ತೋರಿಸಿದರೆ ಭಾಷೆ ಬೇಕಿಲ್ಲ.

ಮಾರಾಟದ ಲೆಕ್ಕವನ್ನು ಕೊಯ್ಲಿಗೆ ಮೊದಲೇ ಹಾಕಿ. 50 ಕೆ.ಜಿ.ಯ ಒಂದು ಮೂಟೆ ಪಾರ್ಚ್‌ಮೆಂಟ್‌ಗೆ ಸುಮಾರು 250 ಕೆ.ಜಿ. ಹಣ್ಣು ಬೇಕು. ಕೆ.ಜಿ.ಗೆ 3 ರೂಪಾಯಿ ಹೆಚ್ಚು ಕೂಲಿ ಅಂದರೆ ಮೂಟೆಗೆ 750 ರೂಪಾಯಿ, ಅದರ ಮೇಲೆ ಬೇರೆಯಾಗಿ ಒಣಗಿಸುವ ಖರ್ಚು. ಮಾಮೂಲು ದರಕ್ಕಿಂತ ಅಷ್ಟು ಮೇಲೆ ಕೊಡುವವರು ಸಿಗದಿದ್ದರೆ ಎರಡನೇ ಬ್ಲಾಕಿಗೆ ಹೋಗಬೇಡಿ. ಸಿಕ್ಕಿದರೆ ಆ ಹೆಚ್ಚಿನ ಹಣದಲ್ಲಿ ಮೇಸ್ತ್ರಿಗೂ ರೈಟರಿಗೂ ಪಾಲು ಇರಲಿ, ಎಷ್ಟು ಅನ್ನುವುದು ಕೊಯ್ಲಿಗೆ ಮೊದಲೇ ತೀರ್ಮಾನವಾಗಿರಲಿ.

ಇದೆಲ್ಲಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಚೀಲದ ತೂಕ, ನೀರಿನ ತೂಕ ಅಂತ ನಿಮ್ಮಲ್ಲೂ ಒಂದೆರಡು ಕೆ.ಜಿ. ಕಳೆಯುವ ರೂಢಿ ಇದ್ದರೆ ಅದನ್ನು ನಿಲ್ಲಿಸಿ. ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಹೊಸದಾಗಿ ಹಾಕಿಸಿ, ಮೊದಲ ದಿನ ಬರೀ ಚೀಲವನ್ನು ಎಲ್ಲರೆದುರು ತೂಗಿ, ಬಂದ ಅಂಕಿಯನ್ನು ಕಣದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಆ ಸೀಸನ್ ಪೂರ್ತಿ ಕಳೆಯುವುದು ಅಷ್ಟನ್ನೇ.