ಅಂಕ ಕೊಟ್ಟವರು ಹೊಣೆಯನ್ನೂ ಹೊರಲಿ

'ಗ್ರೇಡಿಂಗ್ ಕಂಪನಿಯೇ ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿದ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡನ್ನು ಮತ್ತೆ ಅನುಮಾನಿಸುವುದು ಸಣ್ಣತನವಲ್ಲವೇ?' ಎಂದು ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ.

ಸ್ವಾಮಿ, ಈ ಕಂಪನಿಗಳು ಬಂದಮೇಲೆ ಮುಖಪರಿಚಯವಿಲ್ಲದವರಿಂದಲೂ ಧೈರ್ಯವಾಗಿ ಕೊಳ್ಳುವಂತಾಯಿತು, ನಿಜ. ಆದರೆ ಅನುಮಾನವನ್ನು ಸಣ್ಣತನ ಅಂದಿರಲ್ಲ, ಅದನ್ನು ಒಪ್ಪಲಾರೆ.

ಹಳೆಯ ಕಾಲದ ಆಟಗಾರ ಹೋನಸ್ ವ್ಯಾಗ್ನರ್‌ನ ಟಿ206 ಕಾರ್ಡನ್ನೇ ನೋಡಿ. 1909ರಿಂದ 1911ರವರೆಗೆ ಅಮೆರಿಕದ ತಂಬಾಕು ಪೊಟ್ಟಣಗಳಲ್ಲಿ ಬಂದ ಸರಣಿಯದು. ಅದರ ಒಂದು ಪ್ರತಿಯನ್ನು 1991ರಲ್ಲಿ ಐಸ್ ಹಾಕಿಯ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ 4,51,000 ಡಾಲರಿಗೆ ಕೊಂಡರು. ಪಿಎಸ್ಎ ಎಂಬ ಗ್ರೇಡಿಂಗ್ ಕಂಪನಿ ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡೂ ಅದೇ: ಹತ್ತಕ್ಕೆ ಎಂಟು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈಬದಲಾಯಿತು. ಹರಾಜಿನಲ್ಲಿ ಹುಸಿ ಕೂಗು ಹಾಕಿಸಿದ ಪ್ರಕರಣದಲ್ಲಿ ಸಿಕ್ಕಿಬಿದ್ದ ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ: ಹೊಸದರಂತೆ ಕಾಣಲೆಂದು ಆ ಕಾರ್ಡಿನ ಅಂಚು ಕತ್ತರಿಸಿದ್ದು ತಾನೇ. ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡುವಂತಿಲ್ಲ ಎಂಬುದು ಪಿಎಸ್ಎ ನಿಯಮ!

ಪತ್ತೆ ಕಷ್ಟವೇ? ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಅಂಚು ನೋಡಬೇಕು. ನೂರು ವರ್ಷದ ಕಾಗದ ನಾಲ್ಕೂ ಕಡೆ ಹೆಚ್ಚುಕಡಿಮೆ ಒಂದೇ ಥರ ಮಾಸಿರುತ್ತದೆ. ಒಂದಂಚು ಮಾತ್ರ ಬೆಳ್ಳಗೆ, ಚೂಪಾಗಿದ್ದರೆ ಬ್ಲೇಡ್ ಆಡಿರುವ ಸಂಭವ ಹೆಚ್ಚು. ಅಳತೆಯೊಂದನ್ನೇ ನೆಚ್ಚುವಂತಿಲ್ಲ. ಆ ಕಾಲದಲ್ಲಿ ಕಾರ್ಖಾನೆಯಿಂದಲೇ ಕೆಲವು ತುಸು ದೊಡ್ಡದಾಗಿ ಬರುತ್ತಿದ್ದವು. ಅಂಥದ್ದನ್ನು ಕತ್ತರಿಸಿದರೂ ಅಳತೆ ಸರಿಯಾಗಿಯೇ ಕೂರುತ್ತದೆ. ಇನ್ನು ಸೀಲಾದ ಮೇಲೆ ಕೊಳ್ಳುವವರಿಗೆ ಬರಿಯ ಅಂಚು ನೋಡಲು ಸಿಗುವುದೇ ಇಲ್ಲ. ಅನುಮಾನಿಸುವ ದಾರಿಯನ್ನೂ ಆ ಪೆಟ್ಟಿಗೆಯೇ ಮುಚ್ಚುತ್ತದೆ.

ಮೇಜರ್ ಲೀಗ್ ಬೇಸ್‌ಬಾಲ್ ಎಂಬ ಅಮೆರಿಕದ ಲೀಗ್ ಪಂದ್ಯದ ವಸ್ತುಗಳಿಗಾಗಿ 2001ರಲ್ಲಿ ತಂದ ವ್ಯವಸ್ಥೆಯೇ ಬೇರೆ. ಪರೀಕ್ಷಕರು ಮೈದಾನದಲ್ಲೇ ಇದ್ದು, ಕಣ್ಣಾರೆ ಕಂಡ ಚೆಂಡು-ಬ್ಯಾಟಿಗೆ ಮಾತ್ರ ಸಂಖ್ಯೆಯುಳ್ಳ ಹೋಲೋಗ್ರಾಂ ಅಂಟಿಸುತ್ತಾರೆ. ಅದು ಸಾಕ್ಷಿ. ಆಟಗಾರರ ಹಳೆಯ ಸಹಿಗೆ ಸಿಗುವ ಪ್ರಮಾಣಪತ್ರ ಬರೀ ಅಭಿಪ್ರಾಯ. ಎರಡಕ್ಕೂ ಒಂದೇ ಗೌರವ ಕೊಡಬೇಡಿ.

ಗ್ರೇಡಿಂಗ್ ಶುಲ್ಕ ಕಟ್ಟುವವರು ಸಾಮಾನ್ಯವಾಗಿ ಕಾರ್ಡಿನ ಒಡೆಯರು. ಕಾರ್ಡಿನ ಬೆಲೆ ಏರಿದಂತೆ ಶುಲ್ಕವೂ ಏರುತ್ತದೆ. ಸಾಲಪತ್ರ ಹೊರಡಿಸುವವರಿಂದಲೇ ಹಣ ಪಡೆದು ಅತ್ಯುನ್ನತವಾದ ಎಎಎ ದರ್ಜೆ ಹಂಚಿದ ರೇಟಿಂಗ್ ಸಂಸ್ಥೆಗಳು 2008ರ ಹಣಕಾಸು ಕುಸಿತದ ನಂತರ 'ನಮ್ಮದು ಅಭಿಪ್ರಾಯವಷ್ಟೇ' ಎಂದು ಜಾರಿಕೊಳ್ಳಲು ನೋಡಿದ್ದು ನೆನಪಿದೆಯಲ್ಲ? ನಿಮ್ಮ ಮನೆಯ ಹೊಸ ಚಿನ್ನದ ಬಳೆಯ ಮೇಲಿನ ಆರಕ್ಷರದ ಹಾಲ್‌ಮಾರ್ಕ್ ಗುರುತು ಎಚ್‌ಯುಐಡಿಯನ್ನು ಸರ್ಕಾರಿ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕೇಂದ್ರ ಪರೀಕ್ಷಿಸಿತು ಎಂಬುದು ತಿಳಿಯುತ್ತದೆ. ಲಕ್ಷಾಂತರ ಡಾಲರಿನ ಕಾರ್ಡಿನ ಲೇಬಲ್ಲಿನ ಮೇಲೆ ಕಂಪನಿಯ ಹೆಸರಿದೆ, ಅಂಕವಿದೆ. ಅಂಕ ಕೊಟ್ಟ ಪರೀಕ್ಷಕರ ಹೆಸರಿಲ್ಲ. ಮೊದಲು ಅದನ್ನು ಕೇಳಿ.