ಪಹಣಿ ಇಲ್ಲದವರ ಪಾಲು ಎಲ್ಲಿ?

ಶಿರಾದ ಓದುಗ ಮಿತ್ರರೇ,

ಹವಾಮಾನದ ಹೆಸರು ಹೇಳಿ ಸರ್ಕಾರ, ಕಂಪನಿ ಒಂದಾದರೆ ಕೊನೆಗೆ ಹೋಗುವುದು ರೈತನ ಜಮೀನೇ, ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಆಗಿದ್ದೂ ಅದೇ ಅಂತ ಬರೆದಿದ್ದೀರಿ. ಪಾವಗಡದ ಮಟ್ಟಿಗೆ ಈ ಮಾತು ಪೂರ್ತಿ ಸರಿಯಲ್ಲ.

ಅಲ್ಲಿ ರೈತರು ಜಮೀನು ಮಾರಿಲ್ಲ. ಕೇಂದ್ರದ ಸೌರಶಕ್ತಿ ನಿಗಮ ಮತ್ತು ನಮ್ಮ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಸೇರಿ 2015ರಲ್ಲಿ ಒಂದು ಕಂಪನಿ ಮಾಡಿದವು. ಅದು ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಊರುಗಳ ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಹಿಡಿದು, ಪಾರ್ಕಿನೊಳಗಿನ ರಸ್ತೆ, ಸಬ್‌ಸ್ಟೇಷನ್, ಲೈನು ಎಲ್ಲ ತಾನೇ ನೋಡಿಕೊಂಡು, ಪ್ಯಾನಲ್ ಹಾಕೋಕೆ ಖಾಸಗಿಯವರಿಗೆ ಜಾಗ ಕೊಟ್ಟಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಐದೆಕರೆ ಇದ್ದವರಿಗೆ ಮೊದಲ ವರ್ಷವೇ 1,05,000. ಮಳೆ ಕೈಕೊಟ್ಟು ಶೇಂಗಾ ಒಣಗಿ, ಬೋರ್‌ವೆಲ್ ಕೊರೆಸಿದ ಸಾಲ ತಲೆ ಮೇಲೆ ಕೂತಿರುವ ಸೀಮೆಯಲ್ಲಿ ಇದು ಸಣ್ಣ ದುಡ್ಡೇನಲ್ಲ. ಪಹಣಿಯಲ್ಲೂ ಅವರ ಹೆಸರೇ ಇದೆ.

ನನ್ನ ತಕರಾರು ಬೇರೆ. ದುಡ್ಡು ಪಹಣಿ ಇದ್ದವರ ಮನೆಗೆ ಮಾತ್ರ ಹೋಯಿತು. ಅದೇ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಕೂಲಿ ಪಡೆಯುತ್ತಿದ್ದವರು, ಸುಗ್ಗಿ ಮುಗಿದ ಮೇಲೆ ಕುರಿ ಬಿಡುತ್ತಿದ್ದವರು ಯಾವ ಕಾಗದದಲ್ಲೂ ಇಲ್ಲ. 2,050 ಮೆಗಾವ್ಯಾಟ್‌ನ ಪಾರ್ಕು ಕಟ್ಟುವಾಗ ಆಳುಗಳು ಬೇಕಿತ್ತು, ಕಟ್ಟಿ ಮುಗಿದ ಮೇಲೆ ಉಳಿದದ್ದು ಪ್ಯಾನಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು, ಅಷ್ಟೇ. ಅದಕ್ಕೆ ಎಷ್ಟು ಜನ ಬೇಕು ಹೇಳಿ? ಒಳಗೆ ಬೆಳೆದ ಹುಲ್ಲು ತೆಗೆಯೋಕೆ ದುಡ್ಡು ಕೊಡೋದು, ಕುರಿಗಳನ್ನು ಬೇಲಿಯಾಚೆ ನಿಲ್ಲಿಸೋದು. ಈ ಲೆಕ್ಕ ನನಗಂತೂ ತಿಳಿಯುವುದಿಲ್ಲ.

ಕಂಪನಿಗಳನ್ನು ದೂರ ಇಡಿ ಅನ್ನುತ್ತೀರಿ. ಸರ್ಕಾರ ಒಂದೇ ಇಷ್ಟು ಬಂಡವಾಳ ಹಾಕುತ್ತಿತ್ತಾ? ಅದರ ಬದಲು ಟೆಂಡರ್ ಕರೆಯುವಾಗಲೇ ಷರತ್ತು ಬರೆಸಿ. ಮಾರಿದ ಪ್ರತಿ ಯೂನಿಟ್ಟಿಗೆ ಇಷ್ಟು ಪೈಸೆ ಅಂತ ಗ್ರಾಮ ಪಂಚಾಯಿತಿಗೆ ಬರಲಿ, ಜಮೀನಿಲ್ಲದ ಮನೆಯವರಿಗೆ ಕೆಲಸ ಮೊದಲು ಸಿಗಲಿ, ಕುರಿಗೆ ಗೇಟು ತೆಗೆಯಲಿ. ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡುವ) ಹಣದಲ್ಲಿ ಶಾಲೆಗೆ ಬಣ್ಣ ಹೊಡೆಸಿದರೆ ಸಂತೋಷ, ಆದರೆ ಅದನ್ನು ಎಲ್ಲಿ, ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದು ಕಂಪನಿಯ ಇಷ್ಟ. ಅದನ್ನು ನಂಬಿ ಕೂರೋಕಾಗಲ್ಲ ಅಲ್ವಾ?

ನಿಮ್ಮೂರ ಕಡೆಯೂ ಜಮೀನು ಗುತ್ತಿಗೆಗೆ ಕೇಳುತ್ತಿದ್ದಾರೆ ಅಂದಿರಲ್ಲ, ಆ ಕರಾರಿನ ಪ್ರತಿ ಸಿಕ್ಕರೆ ಕಳಿಸಿ. ಬಾಡಿಗೆ ನಿಂತರೆ ಯಾರನ್ನು ಕೇಳಬೇಕು, ಅವಧಿ ಮುಗಿದ ಮೇಲೆ ಹೊಲದಲ್ಲಿರುವ ಪ್ಯಾನಲ್ಲು, ಕಾಂಕ್ರೀಟು ಕೀಳೋದು ಯಾರ ಖರ್ಚು ಅನ್ನೋದು ಅದರಲ್ಲಿ ಇದೆಯಾ ನೋಡೋಣ. ಅಲ್ಲೀವರೆಗೆ ಯಾರೂ ಸುಮ್ನೆ ಹೆಬ್ಬೆಟ್ಟು ಒತ್ತೋದು ಬೇಡ ಅಂತ ಊರಲ್ಲಿ ಹೇಳಿ.

– ಸಂ.