ಕೃಷಿ ಮಾತುಕತೆ: ಮೊಬೈಲಿನಲ್ಲಿ ಮಳೆ ಸುದ್ದಿ, ಕನ್ನಡದಲ್ಲಿ ಸಿಗುತ್ತದಾ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದೆಕರೆ ಅಡಿಕೆ ತೋಟ ಇದೆ. ಮೊಬೈಲಿಗೆ ಬರುವ ಕೃಷಿ ಸಂದೇಶ ಎಲ್ಲ ಮಲಯಾಳದಲ್ಲಿ. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕಳೆದ ವರ್ಷ ಅಡಿಕೆಗೆ ಮದ್ದು ಹೊಡೆದ ಸಂಜೆಯೇ ಜಡಿಮಳೆ, ಎಲ್ಲ ತೊಳೆದು ಹೋಯಿತು. ದಾರಿ ಏನು ಸಾರ್?

ಉತ್ತರ: ನಿಮ್ಮ ಸಂಕಟ ಗಡಿಯ ಎಷ್ಟೋ ಮನೆಗಳದ್ದು. ಮಾತು ಬಂದರೂ ಅಕ್ಷರ ಬರದವರಿಗೆ ಸಂದೇಶ ಬಂದೂ ಬಾರದ ಹಾಗೆ, ಅಲ್ವಾ? ‘ಮೇಘದೂತ್’ ಆ್ಯಪ್ ಹಾಕಿಕೊಳ್ಳಿ. 2019ರಲ್ಲಿ ಬಂದದ್ದು, ಹವಾಮಾನ ಇಲಾಖೆಯದ್ದು, ಭಾಷೆಯಲ್ಲಿ ಕನ್ನಡವೂ ಇದೆ. ಜಿಲ್ಲಾವಾರು ಸಲಹೆ ಮಂಗಳವಾರ, ಶುಕ್ರವಾರ ಹೊಸದಾಗುತ್ತದೆ. ಕಾಸರಗೋಡಿನ ಜೊತೆ ದಕ್ಷಿಣ ಕನ್ನಡವನ್ನೂ ತೆರೆದು ನೋಡಿ, ಬೆಳೆ ಹೆಚ್ಚುಕಮ್ಮಿ ಒಂದೇ.

ಓದುವುದೇ ಕಷ್ಟವಾದರೆ ಕಿಸಾನ್ ಕಾಲ್ ಸೆಂಟರಿಗೆ ಫೋನ್ ಮಾಡಿ, 1800-180-1551. ದುಡ್ಡಿಲ್ಲ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಫೋನ್ ಎತ್ತಿದ ಕೂಡಲೇ ಕನ್ನಡದವರು ಬೇಕು ಅಂತ ಕೇಳಿ, ಸಂಕೋಚ ಬೇಡ.

ಆದರೆ ಮುನ್ಸೂಚನೆ ಇಡೀ ಜಿಲ್ಲೆಗೆ, ನಿಮ್ಮ ಗುಡ್ಡಕ್ಕಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆಗಾಲ ಹಿಡಿಯುವ ಮೊದಲೇ ಆಗಲಿ, ಎರಡನೆಯದು 40–45 ದಿನ ಬಿಟ್ಟು, ಮಳೆ ನಿಂತು ಹೊಳವಾದ ದಿನ ನೋಡಿ. ಮದ್ದಿಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಗೊನೆ ಪೂರ್ತಿ ನೆನೆಯಬೇಕು, ಸುಮ್ನೆ ಮೇಲಿಂದ ಚಿಮುಕಿಸಿದರೆ ಒಳಗಿನ ಕಾಯಿ ಕೊಳೆಯುತ್ತದೆ.